ಹನ್ನೊಂದು ಕಿಲೋ

ಚಂದವ್ವ ಹದಿನಾಲ್ಕು ವರ್ಷ ತಲೆಯ ಮೇಲೆ ಭಾರ ಹೊತ್ತವಳು. ಠಾಣೆಯ ಮಾಜಿವಾಡಾದಿಂದ ಹಿಡಿದು ನವಿ ಮುಂಬಯಿಯ ಸಾನಪಾಡಾದವರೆಗೆ ಎಷ್ಟು ಕಟ್ಟಡಗಳಿಗೆ ಮರಳು, ಇಟ್ಟಿಗೆ, ಕಲಸಿದ ಕಾಂಕ್ರೀಟು ಹೊತ್ತಿದ್ದಳೋ ಅವಳಿಗೇ ನೆನಪಿಲ್ಲ. ಯಾವುದನ್ನಾದರೂ ನೆಲದಿಂದ ಎತ್ತುವ ಮೊದಲೇ ಅದರ ತೂಕ ಅವಳ ಸೊಂಟಕ್ಕೆ ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ಡೊಂಬಿವಲಿಯ ಆ ಮನೆಯಲ್ಲಿ ಮೊದಲ ದಿನ ಸಂಜನಾಳನ್ನು ಎತ್ತಿಕೊಂಡಾಗ ಅವಳು ಬೀಳುವುದರಲ್ಲಿದ್ದಳು. ಒಂಬತ್ತು ವರ್ಷದ ಹುಡುಗಿ ಎಂದಿದ್ದರು. ಅದಕ್ಕೆ ತಕ್ಕಷ್ಟು ಬಲ ಹಾಕಿ ಎತ್ತಿದಳು. ಹುಡುಗಿ ಒಣಗಿದ ಕಟ್ಟಿಗೆಯ ಹೊರೆಯಂತೆ ಸರಕ್ಕನೆ ಮೇಲೆ ಬಂದಳು. ಚಂದವ್ವ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ಒಂಬತ್ತು ವರ್ಷ ಅಂದ್ರಲ್ರಿ ಅಕ್ಕಾರ?"

"ಬರುವ ಜುಲೈಗೆ ಹತ್ತು ತುಂಬ್ತದೆ," ಎಂದಳು ಹುಡುಗಿಯ ತಾಯಿ ಶ್ರೀಮತಿ.

ಕಟ್ಟಡದ ಕೆಲಸ ಕಾಮೋಠೆಯ ಕಡೆಗೆ ಹೋದಾಗ ಚಂದವ್ವ ಮೇಸ್ತ್ರಿಯ ಹಿಂದೆ ಹೋಗಿರಲಿಲ್ಲ. ಮಗಳು ಪದ್ಮಾವತಿ ಕಲ್ಯಾಣದ ಶಾಲೆಯಲ್ಲಿ ಹತ್ತನೆಯ ಇಯತ್ತೆಯಲ್ಲಿದ್ದಳು, ಗಂಡ ಶಿವರಾಯನಿಗೆ ಅಲ್ಲಿಯ ಮಾರುಕಟ್ಟೆಯಲ್ಲಿ ಚೀಲ ಇಳಿಸುವ ಕೆಲಸವಿತ್ತು. ಇನ್ನೊಮ್ಮೆ ತಗಡಿನ ಶೆಡ್ಡಿಗೆ ಸಂಸಾರ ಹೊರಲು ಅವಳಿಗೆ ಮನಸ್ಸಿರಲಿಲ್ಲ. ಪಕ್ಕದ ಖೋಲಿಯ ಬಾಲಮ್ಮ ಈ ಮನೆಯ ವಿಳಾಸ ಕೊಟ್ಟಿದ್ದಳು. "ಹೋಟೆಲ್ಲಿನವರ ಮನಿ. ಕೂಸಿಗೆ ಕೈಕಾಲು ಬರೂದಿಲ್ಲ. ಎತ್ತಿ ಇಳಸೂ ಮಂದಿ ಬೇಕಂತ."

ಸಂಜನಾ ಹುಟ್ಟುವಾಗ ಬಹಳ ಹೊತ್ತು ಅತ್ತಿರಲಿಲ್ಲವಂತೆ. ಮಿದುಳಿಗೆ ಉಸಿರು ಮುಟ್ಟುವುದು ತಡವಾಯಿತು. ಡಾಕ್ಟರುಗಳು ಸೆರೆಬ್ರಲ್ ಪಾಲ್ಸಿ ಎನ್ನುತ್ತಿದ್ದರು, ಮನೆಯವರು ಬರೀ ಸಿ.ಪಿ. ಎನ್ನುತ್ತಿದ್ದರು. ಕೈಕಾಲು ಸೆಟೆದುಕೊಂಡಿರುತ್ತಿದ್ದವು, ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ, ಕತ್ತು ನಿಲ್ಲುತ್ತಿರಲಿಲ್ಲ. ಮಾತಿಲ್ಲ. ಆದರೆ ಕಣ್ಣಿಗೆ ಎಲ್ಲವೂ ತಿಳಿಯುತ್ತಿತ್ತು. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಫ್ಯಾನು ಯಾಕೆ ನಿಂತಿತು ಎಂದು ಆ ಕಣ್ಣು ತಿರುಗುತ್ತಲೇ ಇರುತ್ತಿತ್ತು. ಶ್ರೀಮತಿ ಅವಳ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದಳು, ಚಂದವ್ವ ತನ್ನ ಕಲಬುರಗಿ ಕನ್ನಡದಲ್ಲಿ. ಹುಡುಗಿ ಇಬ್ಬರಿಗೂ ನಗುತ್ತಿದ್ದಳು.

ಅಪ್ಪ ಪುಂಡರೀಕಾಕ್ಷ ಉಡುಪಿ ಕಡೆಯವರು. ಸ್ಟೇಷನ್ನಿನ ಹತ್ತಿರ ಅವರ ಶಾಕಾಹಾರಿ ಹೋಟೆಲು ಬೆಳಗ್ಗೆ ಐದೂವರೆಗೇ ತೆರೆಯುತ್ತಿತ್ತು. ಲೋಕಲ್ ಹಿಡಿಯುವ ಅರ್ಧ ಡೊಂಬಿವಲಿ ಅಲ್ಲಿ ಇಡ್ಲಿ ತಿಂದೇ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು. ಅಂಥವರ ಮನೆಯ ಹುಡುಗಿಯ ಪಕ್ಕೆಲುಬು ಸ್ನಾನ ಮಾಡಿಸುವಾಗ ಚಂದವ್ವನ ಬೆರಳಿಗೆ ಒಂದೊಂದಾಗಿ ಸಿಕ್ಕುತ್ತಿತ್ತು. ತೊಡೆ ಅವಳ ಮುಂಗೈಯಷ್ಟಿತ್ತು. ಮಲಗಿದಲ್ಲೇ ಮಲಗಿ ಬೆನ್ನುಮೂಳೆಯ ತುದಿಯ ಹತ್ತಿರ ಚರ್ಮ ಕೆಂಪಾಗಿ ಸುಲಿದಿತ್ತು.

ಚಂದವ್ವ ಬರಗಾಲ ಕಂಡವಳು, ಸೈಟಿನಲ್ಲಿ ಹಸಿದ ಮಕ್ಕಳನ್ನು ಕಂಡವಳು. ಆದರೆ ಡಬ್ಬಿ ತುಂಬ ತುಪ್ಪವಿದ್ದ ಅಡುಗೆಮನೆಯ ಪಕ್ಕದಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ರೋಗವೇ ಹಾಗಿರಬೇಕು, ತಿಂದದ್ದು ಮೈಗೆ ಹತ್ತುವುದಿಲ್ಲವೇನೋ ಎಂದು ಮೊದಮೊದಲು ತನಗೆ ತಾನೇ ಹೇಳಿಕೊಂಡಳು.

ಊಟ ಮಾಡಿಸುವ ಕೆಲಸವನ್ನು ಶ್ರೀಮತಿ ಯಾರಿಗೂ ಬಿಡುತ್ತಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಅಡ್ಡಕ್ಕೆ ಮಲಗಿಸಿಕೊಂಡು, ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ತಿಳಿ ನೀರಿನಂತೆ ಮಾಡಿ, ಚಮಚದಿಂದ ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು. ಅರ್ಧ ಬಾಯಿಯ ಬದಿಯಿಂದ ಇಳಿದು ಕುತ್ತಿಗೆಯ ಟವೆಲ್ಲಿಗೆ ಹೋಗುತ್ತಿತ್ತು. ಉಳಿದದ್ದಕ್ಕೆ ಕೆಮ್ಮು. ಒಂದು ಬಟ್ಟಲಿಗೆ ಒಂದೂಕಾಲು ತಾಸು. ದಿನಕ್ಕೆ ನಾಲ್ಕು ಸಲ. ಅಷ್ಟು ಸಹನೆಯ ತಾಯಿಯನ್ನು ಚಂದವ್ವ ನೋಡಿರಲಿಲ್ಲ. ಒಂದು ದಿನವೂ ಗದರಿದ್ದಿಲ್ಲ, ಬೇಸರದ ಉಸಿರು ಬಿಟ್ಟದ್ದಿಲ್ಲ.

"ಸ್ವಲ್ಪ ಗಟ್ಟಿ ಮಾಡಿ ಕೊಟ್ರ ಹ್ಯಾಂಗ್ರಿ? ಬ್ಯಾಳಿ ಹಾಕಿ, ತುಪ್ಪ ಹಾಕಿ?" ಎಂದು ಒಮ್ಮೆ ಕೇಳಿದಳು.

"ಐದು ವರ್ಷದವಳಿದ್ದಾಗ ಗಂಟಲಲ್ಲಿ ಸಿಕ್ಕಿ ಮುಖ ನೀಲಿಯಾಗಿತ್ತು. ನೀವು ನೋಡ್ಲಿಲ್ಲ, ನಾನು ನೋಡಿದ್ದೇನೆ," ಎಂದಳು ಶ್ರೀಮತಿ.

ಮಂಗಳವಾರ, ಶುಕ್ರವಾರ ಠಾಣೆಯ ಒಂದು ಥೆರಪಿ ಕೇಂದ್ರಕ್ಕೆ ಹೋಗುವುದು. ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಿಂದ ಸಂಜನಾಳನ್ನು ಎದೆಗೆ ಒತ್ತಿಕೊಂಡು ಚಂದವ್ವ ಇಳಿಯುತ್ತಿದ್ದಳು. ಹಿಂದೆ ಚೀಲ, ನೀರು, ಟವೆಲ್ಲು ಹಿಡಿದು ಶ್ರೀಮತಿ. ರಿಕ್ಷಾ, ಆಮೇಲೆ ಲೋಕಲ್‌ನ ದಿವ್ಯಾಂಗರ ಡಬ್ಬಿ. ರೈಲಿನಲ್ಲಿ ಯಾರಾದರೂ ವಡಾಪಾವ್ ಬಿಚ್ಚಿದರೆ ಸಂಜನಾಳ ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಬಾಯಿ ತೆರೆಯುತ್ತಿತ್ತು. ಶ್ರೀಮತಿ ಕಿಟಕಿಯ ಕಡೆ ನೋಡುತ್ತಿದ್ದಳು. ಚಂದವ್ವನಿಗೆ ಮಾತ್ರ ಅದು ಯಾವ ನೋಟವೆಂದು ಗೊತ್ತಿತ್ತು. ಆ ನೋಟಕ್ಕೆ ರೋಗದ ಹೆಸರು ಬೇಕಿರಲಿಲ್ಲ.

ಮಳೆಗಾಲ ಶುರುವಾದ ಹೊಸತು. ಶ್ರೀಮತಿ ಬ್ಯಾಂಕಿಗೆಂದು ಹೋದ ಒಂದು ಮಧ್ಯಾಹ್ನ ಚಂದವ್ವ ತನ್ನ ಬುತ್ತಿ ಬಿಚ್ಚಿದಳು. ಹಾಸಿಗೆಯ ಮೇಲಿಂದ ಸಂಜನಾ ನೋಡಿದಳು, ಬಾಯಿ ತೆರೆದಳು, ತೆರೆದೇ ಇದ್ದಳು. ಚಂದವ್ವ ಎತ್ತಿದ ತುತ್ತನ್ನು ಬುತ್ತಿಗೆ ಮರಳಿ ಇಟ್ಟಳು.

"ಬಾರವ್ವಾ, ನಮ್ಮೂರಾಗ ಹಲ್ಲಿಲ್ಲದ ಮುದುಕರಿಗೂ ಇದನ್ನ ಕೊಡ್ತಾರ," ಎಂದು ಜೋಳದ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ಮುರಿದು, ಸಕ್ಕರೆ ಹಾಕಿ, ಕಿವುಚಿ ಬಟ್ಟಲಿಗೆ ಹಾಕಿಕೊಂಡಳು. ತಾಯಿ ಮಾಡುತ್ತಿದ್ದಂತೆಯೇ ತೊಡೆಯ ಮೇಲೆ ಮಲಗಿಸಿಕೊಂಡಳು. ಮೊದಲ ಚಮಚಕ್ಕೆ ಹುಡುಗಿಯ ಕಣ್ಣು ಅಗಲವಾಯಿತು. ಎರಡನೆಯದಕ್ಕೆ ಗಂಟಲಿನಿಂದ ಒಂದು ಸಣ್ಣ ರಾಗ ಬಂತು. ನಾಲ್ಕನೆಯದಕ್ಕೆ ಚಂದವ್ವ ನಕ್ಕಳು, ಅವಳು ನಕ್ಕದ್ದು ಕಂಡು ಸಂಜನಾ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕಳು.

ಕೆಮ್ಮು ಬರಲಿಲ್ಲ. ಸದ್ದೇ ನಿಂತುಹೋಯಿತು. ತುಟಿ ಕಪ್ಪಾಯಿತು, ಮೈ ಬಿಲ್ಲಿನಂತೆ ಬಾಗಿತು. ಚಂದವ್ವ ಅವಳನ್ನು ಬೋರಲು ಮಾಡಿ ತೊಡೆಯ ಮೇಲೆ ತಲೆ ಕೆಳಗೆ ಬಿಟ್ಟು ಹೆಗಲುಗಳ ನಡುವೆ ಅಂಗೈಯಿಂದ ಹೊಡೆದಳು. ಮತ್ತೆ ಹೊಡೆದಳು. ಐದನೆಯ ಏಟಿಗೆ ಒಂದು ಉಂಡೆ ನೆಲಕ್ಕೆ ಬಿತ್ತು, ಹಿಂದೆಯೇ ಅಳು ಬಂತು. ಅಷ್ಟು ಚೆಂದದ ಅಳುವನ್ನು ಚಂದವ್ವ ತನ್ನ ಮಗಳು ಹುಟ್ಟಿದಾಗಲೂ ಕೇಳಿರಲಿಲ್ಲ.

ಅವಳು ನೆಲ ಒರೆಸಿದಳು, ಹುಡುಗಿಯ ಅಂಗಿ ಬದಲಿಸಿದಳು. ಶ್ರೀಮತಿ ಬಂದು "ಮಲಗಿದ್ದಾಳಾ?" ಎಂದಾಗ "ಹೂಂ ರೀ" ಎಂದಳು.

ಮೂರನೆಯ ದಿನ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಸಂಜೆಯೊಳಗೆ ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಇಟ್ಟರು. ಪುಂಡರೀಕಾಕ್ಷರು ಹೋಟೆಲ್ಲಿನ ಅಂಗಿಯಲ್ಲೇ ಬಂದು ಕಾರಿಡಾರಿನಲ್ಲಿ ನಿಂತಿದ್ದರು. ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಗೋಡೆಯನ್ನು ಮುಟ್ಟಿ ಮುಟ್ಟಿ ಬಿಡುತ್ತಿದ್ದರು. ಚಂದವ್ವ ಎರಡು ದಿನ ಮನೆಯಿಂದ ಆಸ್ಪತ್ರೆಗೆ ಬಟ್ಟೆ, ಬಿಸಿನೀರು ಸಾಗಿಸಿದಳು. ಮೂರನೆಯ ದಿನ ಬೆಳಗ್ಗೆ ಫ್ಲಾಸ್ಕನ್ನು ಮೇಜಿನ ಮೇಲಿಟ್ಟವಳು ಅಲ್ಲೇ ನಿಂತಳು.

"ಅಕ್ಕಾರ, ನಿಮಗೊಂದು ಹೇಳ್ಬೇಕ್ರಿ."

ಎಲ್ಲ ಹೇಳಿದಳು. ರೊಟ್ಟಿ, ಹಾಲು, ನಕ್ಕದ್ದು, ನೆಲ ಒರೆಸಿದ್ದು. ತಾನು ಹಸಿವು ಕಂಡೆ ಎಂದು ಮಾತ್ರ ಹೇಳಲಿಲ್ಲ. ಅದು ತಪ್ಪಿಸಿಕೊಳ್ಳುವ ಮಾತಾಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಶ್ರೀಮತಿ ಕೂಗಲಿಲ್ಲ. ಮಗಳ ಮೂಗಿನ ನಳಿಗೆಯನ್ನು ಸರಿಮಾಡುತ್ತ, ತಿರುಗಿ ನೋಡದೆ ಹೇಳಿದಳು: "ಹೋಗಿ. ನಾಳೆಯಿಂದ ಬರುದು ಬೇಡ."

ಚಂದವ್ವ ಕಲ್ಯಾಣಕ್ಕೆ ಹೋದಳು. ಮಗಳು "ಕ್ಯಾ ಹುವಾ ಆಯೀ?" ಎಂದು ಕೇಳಿದಾಗ "ಏನಿಲ್ಲ" ಎಂದಳು. ಶಿವರಾಯನಿಗೆ ಮಾತ್ರ ನಿಜ ಹೇಳಿದಳು. ಅವನು "ಕೂಸು ಬದುಕಲಿ ಮೊದಲ," ಎಂದ. ಅವಳು ಬಾಲಮ್ಮನ ಫೋನಿನಿಂದ ದಿನಾ ಹೋಟೆಲ್ಲಿಗೆ ಮಾಡಿ, ಹಣದ ಗಲ್ಲೆಯಲ್ಲಿ ಕೂತಿದ್ದ ಪುಂಡರೀಕಾಕ್ಷ ಶೇಟರ ತಮ್ಮ ಯಜ್ಞೇಶ್ವರನಿಂದ ಹುಡುಗಿ ಹೇಗಿದ್ದಾಳೆಂದು ಕೇಳಿ ಇಡುತ್ತಿದ್ದಳು. ಜ್ವರ ಇಳಿದಿದೆ. ಆಕ್ಸಿಜನ್ ತೆಗೆದಿದ್ದಾರೆ. ಮನೆಗೆ ಬಂದಿದ್ದಾಳೆ.

ಹನ್ನೆರಡನೆಯ ದಿನ ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾದಾಗ, ಚಾಳಿನ ಮುಂದೆ ರಿಕ್ಷಾ ನಿಂತಿತು. ಶ್ರೀಮತಿ ಸೀರೆಯ ನೆರಿಗೆ ಎತ್ತಿ ಹಿಡಿದು, ಚರಂಡಿಯ ಮೇಲಿನ ಕಲ್ಲು ದಾಟಿ ಬಂದಳು. ಚಂದವ್ವ ಗಡಬಡಿಸಿ ಚಾಪೆ ಹಾಸಿದಳು. ಅವಳು ಚಾಪೆಯವರೆಗೆ ಬರದೆ ಹೊಸ್ತಿಲ ಮೇಲೆಯೇ ಕುಳಿತಳು.

"ಸಂಜೂನ ಹತ್ತಿರ ಇವರಿದ್ದಾರೆ," ಎಂದಳು. ಆಮೇಲೆ ಹೇಳಿದಳು: "ಡಾಕ್ಟರು ಎದೆಯ ಎಕ್ಸ್‌ರೇ ತೋರಿಸಿದ್ರು, ಚಂದವ್ವ. ಇದು ಒಂದು ದಿನದ್ದಲ್ಲ ಅಂದ್ರು. ಹಳೆಯ ಕಲೆಗಳುಂಟು. ತೆಳು ಗಂಜಿ ಸ್ವಲ್ಪ ಸ್ವಲ್ಪ ಶ್ವಾಸಕೋಶಕ್ಕೆ ಹೋಗಿ ಹೋಗಿ ಆದದ್ದಂತೆ. ಮಲಗಿಸಿ ಕೊಡ್ತೀರಾ ಅಂತ ಕೇಳಿದ್ರು. ಹೌದು ಅಂದೆ."

"ನಾ ಕೊಟ್ಟದ್ದೂ ಹೋಗ್ಯಾದಲ್ರಿ."

"ಹೋಗಿದೆ. ಇಲ್ಲ ಅನ್ನುದಿಲ್ಲ." ಶ್ರೀಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಆದರೆ ನೀವು ಎದುರು ಬಂದು ಹೇಳಿದ್ರಿ. ನನಗೆ ನಾಲ್ಕು ವರ್ಷದಿಂದ ಅದು ಆಗ್ಲಿಲ್ಲ. ಥೆರಪಿಯಲ್ಲಿ ವನಮಾಲಾ ಮೇಡಂ ನನ್ನನ್ನು ಒಳಗೆ ಕರೆದು ಪ್ರತೀ ಸಲ ಹೇಳ್ತಾರೆ, ಗಟ್ಟಿ ಮಾಡಿ, ತುಪ್ಪ ಹಾಕಿ, ಕೂರಿಸಿ ಕೊಡಿ ಅಂತ. ನಾನು ತಲೆ ಆಡಿಸ್ತೇನೆ. ಎಲ್ಲ ಕೊಡ್ತಾ ಇದ್ದೇನೆ ಅಂತ ಬರೆಸ್ತೇನೆ. ಗಂಟಲಲ್ಲಿ ಸಿಕ್ಕಿದ ಹೆದರಿಕೆ ಸುಳ್ಳಲ್ಲ. ಅದನ್ನು ಎಲ್ಲರಿಗೂ ಹೇಳಿದ್ದೇನೆ. ಇನ್ನೊಂದು ಉಂಟು, ಅದನ್ನು ಇವರಿಗೂ ಹೇಳ್ಲಿಲ್ಲ."

ಚಂದವ್ವ ಹೊಸ್ತಿಲ ಹತ್ತಿರ ಸರಿದು ಕುಳಿತಳು.

"ಕೇಂದ್ರಕ್ಕೆ ಒಬ್ಬಳು ಹುಡುಗಿ ಬರ್ತಿದ್ದಳು. ಹದಿನೈದು ವರ್ಷ, ಮೈಕೈ ತುಂಬಿಕೊಂಡಿದ್ದಳು. ತಾಯಿಗೆ ಬೆನ್ನು ಹೋಯ್ತು. ಆಮೇಲೆ ಕರ್ಕೊಂಡು ಬರುದೇ ನಿಂತಿತು. ನಾನು ಒಮ್ಮೆ ನೋಡ್ಲಿಕ್ಕೆ ಹೋಗಿದ್ದೆ. ಒಂದು ಕೋಣೆಯಲ್ಲಿ ಮಲಗಿಸಿ ಇಟ್ಟಿದ್ರು. ಎರಡು ವರ್ಷ ಆಕಾಶ ನೋಡ್ಲಿಲ್ಲ ಆ ಹುಡುಗಿ." ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿದಳು. "ಮನೆಗೆ ಬಂದು ತುಪ್ಪದ ಡಬ್ಬಿ ತೆಗೆದವಳು ಹಾಗೇ ಮುಚ್ಚಿಟ್ಟೆ. ಮೂರು ಮಾಳಿಗೆ. ನನ್ನದೂ ಬೆನ್ನು. ಹಗುರ ಇದ್ದರೆ ನಾನು ಇರುವಷ್ಟು ದಿನ ಎತ್ತಬಹುದಲ್ಲಾ ಅಂತ. ಹೊಟ್ಟೆಗೆ ಕಡಿಮೆ ಹಾಕಿ ಹಾಕಿ ಅವಳನ್ನು ಸಣ್ಣ ಇಟ್ಟವಳು ನಾನೇ, ಚಂದವ್ವ."

ಚಂದವ್ವನಿಗೆ ಮೊದಲು ಬಂದದ್ದು ಸಿಟ್ಟು. ರೈಲಿನಲ್ಲಿ ತೆರೆದುಕೊಂಡಿದ್ದ ಆ ಬಾಯಿ, ಆ ಪಕ್ಕೆಲುಬು, ಸುಲಿದ ಚರ್ಮ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಎದ್ದು ನೀರು ತಂದು ಕೊಟ್ಟಳು. ಶ್ರೀಮತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ನಲವತ್ತರ ಹೆಂಗಸು, ಬೆನ್ನು ಅರವತ್ತರವಳಂತೆ ಬಾಗಿತ್ತು. ದಿನಕ್ಕೆ ಐದು ತಾಸು ತೊಡೆಯ ಮೇಲೆ ಕೂಸು ಇಟ್ಟುಕೊಂಡು ಕೂತ ಬೆನ್ನು ಅದು. ನೋಡುತ್ತ ನೋಡುತ್ತ ಚಂದವ್ವನ ಸಿಟ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ಇಳಿಯಿತು.

"ನಿಮಗ ಭಾರ ಎತ್ತೂದು ಬರೂದಿಲ್ರಿ ಅಕ್ಕಾರ," ಎಂದಳು. "ನಾ ದಿನಾ ನೋಡ್ತೀನಿ. ನೀವು ಬೆನ್ನಿಲೆ ಎತ್ತತೀರಿ. ಮಣಕಾಲಿಲೆ ಎತ್ತಬೇಕು. ನಲವತ್ತು ಕಿಲೋದ್ದು ಇಬ್ಬರು ಹೆಣ್ಮಕ್ಕಳು ಆರಾಮ ಇಳಸ್ತೀವಿ ನಾವು ಸೈಟಿನಾಗ. ನಾಳಿಂದ ಬರ್ತೀನಿ. ಕೂಸಿಗಿ ಉಣ್ಣಾಕ ಹಾಕ್ರಿ."

ಶುಕ್ರವಾರ ಕೇಂದ್ರಕ್ಕೆ ಮೂವರೂ ಹೋದರು. ಪುಂಡರೀಕಾಕ್ಷರು ಬಂದದ್ದು ಅದೇ ಮೊದಲು. ವನಮಾಲಾ ಮೇಡಂ ಸೋಲಾಪುರದವರು. ಮರಾಠಿಯ ಜೊತೆ ಅಜ್ಜಿಯ ಕನ್ನಡವೂ ಅವರಿಗೆ ಬರುತ್ತಿತ್ತು. ಶ್ರೀಮತಿ ಗಂಡನ ಎದುರೇ ಎಲ್ಲವನ್ನೂ ಹೇಳಿದಳು. ಅವರು ಒಮ್ಮೆ ಹೆಂಡತಿಯ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಮೇಡಂ ಪೆನ್ನು ಕೆಳಗಿಟ್ಟರು.

"ತಾಯಿ, ಹೀಂಗ ಮಾಡೋರು ನೀವು ಒಬ್ಬರೇ ಅಲ್ಲ, ಭಾಳ ತಾಯಂದಿರು ಮಾಡ್ತಾರ. ಕೆಲವರು ನನ್ನ ಮುಂದ ಹೇಳ್ತಾರ, ಬಾಕಿದವರು ಹೇಳಂಗಿಲ್ಲ. ಎತ್ತೋರು ಯಾರು ಅಂತ ನಾನೂ ಕೇಳಬೇಕಿತ್ತು, ಬರೀ ತುಪ್ಪ ಹಾಕ್ರಿ ಅಂತ ಹೇಳ್ತಾ ಕೂತೆ."

ಚಂದವ್ವ ಹುಡುಗಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತಳು. ಆಮೇಲೆ ಒಬ್ಬಳೇ ನಿಂತಳು. ಮೇಡಂ ಕಳೆದು ಹೇಳಿದರು: ಹನ್ನೊಂದು ಕಿಲೋ. ಕಾಲು ನೆಟ್ಟಗಾಗದವರ ಎತ್ತರವನ್ನು ಅಳೆಯುವುದು ಕಷ್ಟ, ಅದಕ್ಕೆ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಟೇಪು ಹಿಡಿದರು. ಇಂಥ ಮಕ್ಕಳದ್ದೇ ಬೇರೆ ಚಾರ್ಟು ಇತ್ತು. ಅದರಲ್ಲೂ ಸಂಜನಾಳ ಚುಕ್ಕೆ ಎಲ್ಲಕ್ಕಿಂತ ಕೆಳಗಿನ ಗೆರೆಯ ಕೆಳಗೆ ಬಿತ್ತು.

"ಉಂಡ್ರೆ ನಡೀತಾಳಾ?" ಎಂದು ಪುಂಡರೀಕಾಕ್ಷರು ಕೇಳಿದರು.

"ಇಲ್ಲ. ಮಾತೂ ಬರಂಗಿಲ್ಲ. ಆದ್ರ ಜ್ವರ ಕಡಿಮೆ ಬರ್ತದ, ಗಾಯ ಮಾಯ್ತದ, ಹಸಿವಿಲೆ ಅಳಂಗಿಲ್ಲ. ಅಷ್ಟು ಸಾಕಲ್ಲ?"

ಅವರು ತಲೆಯಾಡಿಸಿದರು.

ಮೇಡಂ ಟವೆಲ್ಲು ಸುತ್ತಿ ಪಕ್ಕಕ್ಕೆ ಕೊಟ್ಟು ಸಂಜನಾಳನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗೆ ಬರುವಂತೆ ತಲೆ ಹಿಡಿದರು. ತಿಳಿಯಾದದ್ದು ಗಂಟಲಲ್ಲಿ ಓಡುತ್ತದೆ, ಈ ಮಕ್ಕಳಿಗೆ ಹಿಡಿಯಲು ಆಗುವುದಿಲ್ಲ. ರೊಟ್ಟಿಯ ತರಿ ಹಾಲಲ್ಲಿ ತೇಲುವಂಥದ್ದು ಇನ್ನೂ ಕೆಟ್ಟದ್ದು ಎಂದರು. ಚಂದವ್ವ ತಲೆ ತಗ್ಗಿಸಿದಳು. ಅನ್ನ, ಬೇಳೆ, ತರಕಾರಿ, ತುಪ್ಪ ಎಲ್ಲ ಒಟ್ಟಿಗೆ ಗಂಟಿಲ್ಲದೆ ನುಣ್ಣಗೆ ರುಬ್ಬಬೇಕು, ಗಟ್ಟಿಯಾಗಿರಬೇಕು.

"ದೋಸೆ ಹಿಟ್ಟಿನಷ್ಟಾ, ಇಡ್ಲಿ ಹಿಟ್ಟಿನಷ್ಟಾ?" ಪುಂಡರೀಕಾಕ್ಷರು ಥಟ್ಟನೆ ಕೇಳಿದರು. ಒಂಬತ್ತು ವರ್ಷದಲ್ಲಿ ಮಗಳ ಊಟದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು ಎಂದು ಶ್ರೀಮತಿ ಆಮೇಲೆ ಚಂದವ್ವನಿಗೆ ಹೇಳಿದಳು.

"ಇಡ್ಲಿ ಹಿಟ್ಟಿಗಿಂತ ಒಂದು ಗುಂಜಿ ಗಟ್ಟಿ. ಚಮಚ ತಿರುವಿದ್ರ ಬೀಳಬಾರದು, ಜಾರಬೇಕು."

"ಅದು ನಾನು ಮಾಡಿಸ್ತೇನೆ," ಎಂದರು ಅವರು.

ಮೊದಲ ತಿಂಗಳು ತೂಕ ಒಂದು ಗ್ರಾಮೂ ಏರಲಿಲ್ಲ. ಕೂರಿಸಿದರೆ ಮೈ ಸೆಟೆದು ಜಾರುತ್ತಿದ್ದಳು, ತುಪ್ಪ ಹೆಚ್ಚಾದ ದಿನ ವಾಂತಿ, ಮೂರು ಮೂರು ದಿನ ಮಲಬದ್ಧತೆ. ಶ್ರೀಮತಿ ಎರಡು ಸಲ ಅಳುತ್ತ ಬಟ್ಟಲನ್ನು ಕೆಳಗಿಟ್ಟು ಮತ್ತೆ ಗಂಜಿಯ ಪಾತ್ರೆಗೆ ಕೈ ಹಾಕಿದ್ದಳು. ಚಂದವ್ವ ಪಾತ್ರೆಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟಳು. ಆರು ತಿಂಗಳಲ್ಲಿ ಏರದಿದ್ದರೆ ಹೊಟ್ಟೆಗೇ ನಳಿಗೆ ಹಾಕುವ ಮಾತು ಆಡೋಣ, ಅದೂ ಸೋಲಲ್ಲ ಎಂದು ವನಮಾಲಾ ಮೇಡಂ ಹೇಳಿದ್ದರು. ಎರಡನೆಯ ತಿಂಗಳು ಇನ್ನೂರು ಗ್ರಾಮು. ಗಣಪತಿ ಹಬ್ಬದ ಹೊತ್ತಿಗೆ ಬೆನ್ನ ಕೆಳಗಿನ ಗಾಯ ಒಣಗಿತು. ದೀಪಾವಳಿಗೆ ಹನ್ನೆರಡೂವರೆ ಕಿಲೋ.

ಮಂಗಳವಾರ, ಶುಕ್ರವಾರ ಪುಂಡರೀಕಾಕ್ಷರು ಗಲ್ಲೆಯನ್ನು ತಮ್ಮನಿಗೆ ಬಿಟ್ಟು ಮನೆಗೆ ಬರತೊಡಗಿದರು. ಪಟ್ಟಿ ಬಿಗಿದ ಕುರ್ಚಿಯಲ್ಲಿ ಸಂಜನಾಳನ್ನು ಕೂರಿಸಿ, ಮುಂದೆ ಚಂದವ್ವ, ಹಿಂದೆ ಅವರು, ಮೆಟ್ಟಿಲಿಗೊಂದು ಮಾತು ಆಡುತ್ತ ಇಳಿಸುತ್ತಿದ್ದರು. "ಶೇಟ್ರ, ಬೆನ್ನು ಬಗ್ಗಿಸಬ್ಯಾಡ್ರಿ, ಮಣಕಾಲು!" ಎಂದು ಚಂದವ್ವ ಕೂಗಿದರೆ ಎರಡನೆಯ ಮಾಳಿಗೆಯವರು ಬಾಗಿಲು ತೆರೆದು ನೋಡುತ್ತಿದ್ದರು. ನೆಲಮಟ್ಟದ ಮನೆ ಹುಡುಕುತ್ತಿದ್ದರು, ಇನ್ನೂ ಸಿಕ್ಕಿರಲಿಲ್ಲ. ಸಿಗುವವರೆಗೆ ಹೀಗೇ ಎಂದು ಮೂವರಿಗೂ ಗೊತ್ತಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ. ಕುಂಬಳಕಾಯಿ, ಹೆಸರುಬೇಳೆ, ಅನ್ನ ರುಬ್ಬಿದ ಬಟ್ಟಲು ಶ್ರೀಮತಿಯ ಕೈಯಲ್ಲಿತ್ತು. ಮುಕ್ಕಾಲು ಖಾಲಿಯಾಗಿತ್ತು, ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಅವಳು ಮುಂದಿನ ಚಮಚ ಹಿಡಿದಾಗ ಸಂಜನಾ ಬಾಯಿ ತೆರೆಯಲಿಲ್ಲ. ತುಟಿಗೆ ಮುಟ್ಟಿಸಿದಳು. ಹುಡುಗಿ ಕಷ್ಟಪಟ್ಟು, ಕತ್ತಿನ ನರ ಬಿಗಿಯುತ್ತ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಎಂತಾಯ್ತು? ಚಂದವ್ವಾ, ಇಲ್ಲಿ ಬನ್ನಿ! ಜ್ವರ ಉಂಟಾ ನೋಡಿ!"

ಚಂದವ್ವ ಬಟ್ಟೆ ಮಡಚುವುದನ್ನು ಬಿಟ್ಟು ಓಡಿಬಂದು ಹಣೆ ಮುಟ್ಟಿದಳು. ತಣ್ಣಗಿತ್ತು. ಉಸಿರು ಸರಿಯಿತ್ತು. ಶ್ರೀಮತಿ ಇನ್ನೊಮ್ಮೆ ಚಮಚ ಹಿಡಿದಳು. ಸಂಜನಾ ಈ ಬದಿಗೆ ತಿರುಗಿ ತಾಯಿಯನ್ನು ನೋಡಿದಳು, ಚಮಚವನ್ನು ನೋಡಿದಳು, ಮತ್ತೆ ಗೋಡೆಗೆ ತಿರುಗಿದಳು. ಚಂದವ್ವ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ನಗಲು ಶುರುಮಾಡಿದಳು.

"ಹೊಟ್ಟಿ ತುಂಬ್ಯಾದ್ರಿ ಅಕ್ಕಾರ. ಒಲ್ಲೆ ಅಂತಾಳ ಆಕಿ."

ಶ್ರೀಮತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತು ವರ್ಷದಲ್ಲಿ ಮಗಳು ಒಮ್ಮೆಯೂ ಬೇಡ ಎಂದಿರಲಿಲ್ಲ. ಅವಳು ಬಟ್ಟಲನ್ನು ಕೆಳಗಿಟ್ಟು, ಟವೆಲ್ಲಿನಿಂದ ಮಗಳ ಬಾಯಿ ಒರೆಸಿದಳು. ಒರೆಸುತ್ತಲೇ ಇದ್ದಳು. ಸಂಜನಾ ಹೊರಗೆ ಬಾಲ್ಕನಿಯಲ್ಲಿ ಕೂತ ಪಾರಿವಾಳವನ್ನು ನೋಡುತ್ತಿದ್ದಳು, ಅಲ್ಲೇ ನಿದ್ದೆ ಹತ್ತಿ ಅವಳ ಕಣ್ಣು ಮುಚ್ಚುತ್ತ ಬಂತು.